ಕರೆಂಟ್ ಹೋದಾಗ ನೀರು ಎಲ್ಲಿ ನಿಲ್ಲುತ್ತದೆ? ಸಿಹಿನೀರಿನ ಅಕ್ವೇರಿಯಂಗೆ ಸಂಪ್ ಕಟ್ಟುವ ಬಗೆ

ನಾನು ಮೊದಲ ಸಲ ಸಂಪ್ ಕಟ್ಟಿದ ದಿನ ಎಲ್ಲವೂ ಸರಿಯಾಗೇ ನಡೆಯಿತು. ಪಂಪ್ ಆನ್ ಮಾಡಿದೆ. ನೀರು ಮೇಲಕ್ಕೆ ಏರಿತು, ಅಂಚಿನಿಂದ ತುಳುಕಿ ಪೈಪಿಗೆ ಇಳಿಯಿತು, ಕೆಳಗಿನ ತೊಟ್ಟಿಗೆ ಬಂತು, ಮತ್ತೆ ಮೇಲೇರಿತು. ಎಲ್ಲೂ ಒಂದು ಹನಿ ಸೋರಲಿಲ್ಲ. ಟ್ಯಾಂಕಿನ ಮುಂದೆ ಕೂತು ತುಂಬ ಹೊತ್ತು ನೋಡಿದೆ. ಆ ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಎದ್ದು ಹೋದರೆ ಕಾಲಿಗೆ ತಣ್ಣಗೆ ನೀರು ತಾಗಿತು. ಸ್ಟ್ಯಾಂಡಿನ ಸುತ್ತ ನೆಲವೆಲ್ಲ ಒದ್ದೆ. ಸಂಪ್ ಅಂಚಿನವರೆಗೂ ತುಂಬಿ ನಿಂತಿದೆ. ಮೇಲಿನ ಟ್ಯಾಂಕ್ ಅರ್ಧ ಗೇಣು ಖಾಲಿಯಾಗಿದೆ.

ಪೈಪ್ ಒಡೆದಿರಲಿಲ್ಲ. ಅಂಟು ಬಿಟ್ಟಿರಲಿಲ್ಲ. ಸಂಪ್ ಓಡುವಾಗ ಹೇಗಿರುತ್ತದೆ ಅಂತ ಮಾತ್ರ ನಾನು ಯೋಚಿಸಿದ್ದೆ, ನಿಂತಾಗ ಏನಾಗುತ್ತದೆ ಅಂತ ಯೋಚಿಸಿರಲಿಲ್ಲ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಎರಡು ಪ್ರಶ್ನೆ ಮುಂದಿಡುತ್ತೇನೆ. ಕರೆಂಟ್ ಹೋದರೆ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ? ಇಳಿಯುವ ಪೈಪ್ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆ? ಗಾಜು, ಪೈಪು, ಪಂಪು ಎಲ್ಲದರ ಅಳತೆಯೂ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಬೇಕು.

ಮೇಲೊಂದು ಟ್ಯಾಂಕ್, ಕೆಳಗೊಂದು ಟ್ಯಾಂಕ್

ಸಂಪ್ ಅಂದ ಕೂಡಲೇ ನಮಗೆ ನೆನಪಾಗುವುದು ನೆಲದಡಿಯ ನೀರಿನ ತೊಟ್ಟಿ. ಅಕ್ವೇರಿಯಂ ಸಂಪ್ ಅದರದೇ ನೆಂಟ. ಮೀನಿರುವ ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗೆ, ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತದೆ. ಮೇಲಿನ ನೀರು ತುಂಬಿ ತುಳುಕಿ, ತನ್ನ ಭಾರದಿಂದಲೇ ಪೈಪಿನಲ್ಲಿ ಕೆಳಗಿಳಿಯುತ್ತದೆ. ಅಲ್ಲಿ ಸ್ಪಾಂಜು, ಸೆರಾಮಿಕ್ ರಿಂಗುಗಳ ನಡುವೆ ಹಾದು ಕೊನೆಯ ಕೋಣೆಗೆ ಬರುತ್ತದೆ. ಆ ಕೋಣೆಯಲ್ಲಿರುವ ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತದೆ.

ಇಡೀ ಏರ್ಪಾಟಿಗೆ ಪಂಪ್ ಒಂದೇ ಸಾಕು ಅನ್ನುವುದು ಮುಖ್ಯ. ನೀರು ಇಳಿಸಲು ಒಂದು ಪಂಪ್, ಏರಿಸಲು ಇನ್ನೊಂದು ಪಂಪ್ ಇಟ್ಟು ಸರಿತೂಗಿಸೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ದಯವಿಟ್ಟು ಬೇಡ. ಎರಡು ಪಂಪ್ ಒಂದೇ ವೇಗದಲ್ಲಿ ಓಡುವುದು ಸಾಧ್ಯವೇ ಇಲ್ಲ. ಗಂಟೆಗೆ ಕೆಲವು ಲೀಟರ್ ವ್ಯತ್ಯಾಸವಾದರೂ ಸಾಕು, ಬೆಳಗಾಗುವಷ್ಟರಲ್ಲಿ ಒಂದು ಟ್ಯಾಂಕ್ ತುಂಬಿ ಹರಿದಿರುತ್ತದೆ. ತುಳುಕಿ ಇಳಿಯುವ ನೀರಿಗೆ ಆ ತೊಂದರೆ ಇಲ್ಲ. ಪಂಪ್ ಎಷ್ಟು ಮೇಲೆ ಕಳಿಸುತ್ತದೋ ಅಷ್ಟೇ ಕೆಳಗೆ ಬೀಳುತ್ತದೆ. ಪಂಪ್ ನಿಧಾನವಾದರೆ ತುಳುಕುವುದೂ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಸಂಪ್ ಯಾಕೆ? ಮೊದಲನೆಯದಾಗಿ ನೀರು ಜಾಸ್ತಿ ಸಿಗುತ್ತದೆ. ನೀರು ಜಾಸ್ತಿ ಇದ್ದಷ್ಟೂ ಕೊಳೆ ತೆಳುವಾಗುತ್ತದೆ, ಬಿಸಿ ಏರಿಳಿತವೂ ನಿಧಾನವಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಎಷ್ಟು ಬೇಕೋ ಅಷ್ಟು ಜಾಗ ಕೊಡಬಹುದು. ಹೀಟರ್, ಔಷಧಿ, ಹೊಸ ನೀರು, ಎಲ್ಲವನ್ನೂ ಮೀನಿನ ಕಣ್ಣಿಗೆ ಬೀಳದಂತೆ ಕೆಳಗೇ ನೋಡಿಕೊಳ್ಳಬಹುದು. ನೀರಿನ ಮೇಲೆ ಕಟ್ಟುವ ಎಣ್ಣೆಯಂಥ ತೆಳು ಪದರ ತಾನಾಗಿ ತುಳುಕಿ ಹೋಗುತ್ತದೆ, ಹಾಗಾಗಿ ಗಾಳಿ ಮತ್ತು ನೀರಿನ ನಡುವೆ ಏನೂ ಅಡ್ಡ ಬರುವುದಿಲ್ಲ. ನನಗೆ ಇವೆಲ್ಲದರಲ್ಲಿ ಇಷ್ಟವಾದದ್ದು ಈ ಕೊನೆಯದು. ಸಂಪ್ ಹಾಕಿದ ಮಾರನೆಯ ದಿನವೇ ನೀರಿನ ಮೇಲ್ಮೈ ಕನ್ನಡಿಯಂತಾಗುತ್ತದೆ.

ಆದರೆ 100 ಲೀಟರಿಗಿಂತ ಚಿಕ್ಕ ಟ್ಯಾಂಕಿಗೆ ಸಂಪ್ ಬೇಕಾಗುವುದೇ ಅಪರೂಪ. ಒಳ್ಳೆಯ ಸ್ಪಾಂಜ್ ಫಿಲ್ಟರೋ ಹೊರಗೆ ತೂಗುಹಾಕುವ ಫಿಲ್ಟರೋ ಅದಕ್ಕೆ ಧಾರಾಳ ಸಾಕು. ದೊಡ್ಡ ಸಿಕ್ಲಿಡ್, ಗೋಲ್ಡ್‌ಫಿಶ್‌ನಂಥ ಜಾಸ್ತಿ ಹೊಲಸು ಮಾಡುವ ಮೀನುಗಳಿಗೆ, ದೊಡ್ಡ ಟ್ಯಾಂಕುಗಳಿಗೆ ಸಂಪ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಲೆಕ್ಕ ಹಾಕೋಣ, ಬನ್ನಿ

ನನ್ನ ಟ್ಯಾಂಕ್ 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಅಂದರೆ 270 ಲೀಟರ್. ಸಂಪ್ 75 ಸೆಂ.ಮೀ. ಉದ್ದ, 35 ಅಗಲ, 40 ಎತ್ತರ. ಅಂಚಿನವರೆಗೆ ತುಂಬಿದರೆ 105 ಲೀಟರ್. ಅದನ್ನು ನಾನು ಓಡಿಸುತ್ತಿದ್ದದ್ದು 25 ಸೆಂ.ಮೀ. ನೀರಿನಲ್ಲಿ. ಮೇಲೆ 15 ಸೆಂ.ಮೀ. ಖಾಲಿ. ಆ ಖಾಲಿ ಜಾಗದಲ್ಲಿ ಸುಮಾರು 39 ಲೀಟರ್ ಹಿಡಿಯುತ್ತದೆ. ಸಾಕಷ್ಟಾಯಿತು ಅನ್ನಿಸುತ್ತದೆ, ಅಲ್ವಾ?

ಈಗ ಪಂಪ್ ನಿಂತಿತು ಅಂದುಕೊಳ್ಳಿ. ಎರಡು ಕಡೆಯಿಂದ ನೀರು ಕೆಳಗೆ ಬರುತ್ತದೆ. ಒಂದು, ತುಳುಕುವ ಅಂಚಿಗಿಂತ ಮೇಲಿರುವ ನೀರು. ಇದು ಅಂಚಿನ ಮಟ್ಟಕ್ಕೆ ಇಳಿದ ಕೂಡಲೇ ನಿಲ್ಲುತ್ತದೆ. ಇನ್ನೊಂದು ದಾರಿ ನನಗೆ ಹೊಳೆದಿರಲಿಲ್ಲ. ನೀರು ಏರುವ ಪೈಪ್ ಈಗ ಉಲ್ಟಾ ಆಗುತ್ತದೆ. ಅದರ ಬಾಯಿ ನೀರೊಳಗೆ ಮುಳುಗಿದ್ದರೆ ಸೈಫನ್ ಹುಟ್ಟಿ, ನಿಂತ ಪಂಪಿನ ಮೂಲಕವೇ ನೀರು ವಾಪಸ್ ಹರಿಯುತ್ತದೆ. ಬಾಯಿಗೆ ಗಾಳಿ ಸಿಗುವವರೆಗೂ ಅದು ನಿಲ್ಲುವುದಿಲ್ಲ.

ನಾನು ಆ ಬಾಯಿಯನ್ನು ನೀರಿನ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗೆ ಇಟ್ಟಿದ್ದೆ. ಒಳಗೆ ನೀರು ಚೆನ್ನಾಗಿ ತಿರುಗಲಿ ಅನ್ನುವುದು ನನ್ನ ಆಸೆ. 120 × 45 × 10 ಅಂದರೆ 54 ಲೀಟರ್. ಸಂಪ್‌ನಲ್ಲಿದ್ದದ್ದು 39 ಲೀಟರಿನ ಜಾಗ. ಉಳಿದ 15 ಲೀಟರ್ ನೆಲದ ಮೇಲೆ. ಬಾಯಿಯನ್ನು ನೀರಿನ ಮಟ್ಟಕ್ಕಿಂತ ಬರೀ 2 ಸೆಂ.ಮೀ. ಕೆಳಗೆ ತಂದೆ. ಈಗ ಇಳಿಯುವುದು ಸುಮಾರು 11 ಲೀಟರ್. ಸಂಪ್‌ನಲ್ಲಿ ನೀರು ಏರುವುದು 4 ಸೆಂ.ಮೀ. ಚಿಲ್ಲರೆ. ಪೈಪಿನೊಳಗಿನ ನೀರು, ಓವರ್‌ಫ್ಲೋ ಬಾಕ್ಸಿನ (ತುಳುಕಿದ ನೀರು ಪೈಪಿಗೆ ಇಳಿಯುವ ಮುಂಚೆ ಬೀಳುವ ಡಬ್ಬಿ) ನೀರು ಸೇರಿಸಿದರೂ ಬೇಕಾದಷ್ಟು ಜಾಗ ಉಳಿಯುತ್ತದೆ.

ಏರುವ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ, 3ರಿಂದ 5 ಮಿ.ಮೀ. ತೂತು ಕೊರೆಯುವ ರೂಢಿಯೂ ಇದೆ. ನೀರು ಆ ತೂತಿಗಿಂತ ಕೆಳಗಿಳಿದರೆ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತದೆ. ಒಳ್ಳೆಯ ಉಪಾಯವೇ, ಆದರೆ ಪಾಚಿ ಬೆಳೆದರೆ ತೂತು ಮುಚ್ಚಿಹೋಗುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಕಥೆಯೂ ಅಷ್ಟೇ. ಒಂದು ಎಲೆಯ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. ಎರಡನ್ನೂ ಹಾಕಿ, ಆದರೆ ಅವುಗಳನ್ನೇ ನಂಬಿ ಕೂರಬೇಡಿ. ಕೆಟ್ಟುಹೋಗಲು ಏನೂ ಇಲ್ಲದ ಉಪಾಯ ಒಂದೇ: ಬಾಯಿ ಮೇಲಿರಲಿ, ಸಂಪ್‌ನಲ್ಲಿ ಜಾಗ ಇರಲಿ.

ಎರಡನೆಯ ಪ್ರಶ್ನೆಗೆ ಬರೋಣ. ಇಳಿಯುವ ಪೈಪ್ ಕಟ್ಟಿಕೊಂಡರೆ? ಪಂಪ್‌ಗೆ ಅದು ಗೊತ್ತಾಗುವುದಿಲ್ಲ. ತನ್ನ ಕೋಣೆಯಲ್ಲಿರುವ ನೀರನ್ನೆಲ್ಲ ಮೇಲೆ ಕಳಿಸಿ, ಕೊನೆಗೆ ಗಾಳಿ ಎಳೆಯಲು ಶುರು ಮಾಡುತ್ತದೆ. ನನ್ನ ಪಂಪ್ ಕೋಣೆ 20 ಸೆಂ.ಮೀ. ಉದ್ದ, 35 ಅಗಲ. ನೀರು 20 ಸೆಂ.ಮೀ. ಇದ್ದಾಗ ಶುರುವಾಗಿ, 5 ಸೆಂ.ಮೀ.ಗೆ ಇಳಿದಾಗ ಪಂಪ್ ಗಾಳಿ ಎಳೆಯುತ್ತದೆ ಅಂದರೆ ಮೇಲೆ ಹೋಗುವುದು 10.5 ಲೀಟರ್. ಮೇಲಿನ ಟ್ಯಾಂಕಿನಲ್ಲಿ ಅದು 2 ಸೆಂ.ಮೀ. ಎತ್ತರ. ಟ್ಯಾಂಕಿನ ಅಂಚು ನೀರಿಗಿಂತ 4 ಸೆಂ.ಮೀ. ಮೇಲಿದ್ದರೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಸೌಂದರ್ಯಕ್ಕೆ ಅಂತ ಅಂಚಿನವರೆಗೂ ನೀರು ತುಂಬುವ ಚಾಳಿ ಇದ್ದರೆ ಬಿಟ್ಟುಬಿಡಿ.

ಪಂಪ್ ಕೋಣೆ ದೊಡ್ಡದಾದಷ್ಟೂ ಈ ಅಪಾಯ ಜಾಸ್ತಿ. ಹಾಗಂತ ತೀರಾ ಚಿಕ್ಕದು ಮಾಡಿದರೆ ಇನ್ನೊಂದು ತಾಪತ್ರಯ. ಆವಿಯಾಗಿ ಹೋದ ನೀರೆಲ್ಲ ಆ ಒಂದು ಕೋಣೆಯಲ್ಲೇ ಕಡಿಮೆಯಾಗಿ ಕಾಣುತ್ತದೆ. ಉಳಿದ ಕೋಣೆಗಳ ಮಟ್ಟವನ್ನು ಗಾಜಿನ ಅಡ್ಡಗೋಡೆಗಳು ಹಿಡಿದಿರುತ್ತವೆ, ಮೇಲಿನ ಟ್ಯಾಂಕಿನ ಮಟ್ಟವನ್ನು ತುಳುಕುವ ಅಂಚು ಹಿಡಿದಿರುತ್ತದೆ. ದಿನಕ್ಕೆ 2 ಲೀಟರ್ ಆವಿಯಾಯಿತು ಅಂದುಕೊಳ್ಳಿ. ಮೇಲಿನ ಟ್ಯಾಂಕಿನಲ್ಲಾದರೆ ಅದು 4 ಮಿ.ಮೀ. ಕೂಡ ಇಲ್ಲ. ನನ್ನ ಪಂಪ್ ಕೋಣೆಯಲ್ಲಿ ಸುಮಾರು 3 ಸೆಂ.ಮೀ. ಐದು ದಿನ ಮರೆತರೆ ಪಂಪ್ ಒಣಗುತ್ತದೆ. ಅದಕ್ಕೇ ಹೀಟರನ್ನು ಯಾವತ್ತೂ ಪಂಪ್ ಕೋಣೆಯಲ್ಲಿ ಇಡಬೇಡಿ. ನೀರಿಲ್ಲದೆ ಕಾದರೆ ಅದರ ಗಾಜು ಸಿಡಿಯಬಹುದು. ಮಟ್ಟ ಬದಲಾಗದ ಹಿಂದಿನ ಕೋಣೆಯೇ ಅದಕ್ಕೆ ಜಾಗ.

ನೀರು ಇಳಿಯುವ ದಾರಿ

ಅತ್ಯಂತ ಭರವಸೆಯ ದಾರಿ ಅಂದರೆ ಗಾಜಿಗೆ ತೂತು ಕೊರೆದು ಪೈಪ್ ಕೂರಿಸುವುದು. ಕೇಳಿದರೇ ಎದೆ ಝಲ್ಲೆನ್ನುತ್ತದೆ, ಗೊತ್ತು. ಆದರೆ ಸಾಮಾನ್ಯ ಗಾಜಿಗೆ ಡೈಮಂಡ್ ಹೋಲ್ ಸಾ ಹಾಕಿ, ಮೇಲೆ ನೀರು ಬಿಡುತ್ತಾ, ಒತ್ತದೆ, ಡ್ರಿಲ್ಲಿನ ಭಾರಕ್ಕೇ ಬಿಟ್ಟರೆ ತೂತು ಆಗುತ್ತದೆ. ಅವಸರ ಮಾಡಿ ಒತ್ತಿದರೆ ಮಾತ್ರ ಚಕ್ಕೆ ಏಳುತ್ತದೆ. ಗಾಜಿನ ಅಂಚಿನಿಂದ ತೂತಿಗೆ ಕನಿಷ್ಠ ತೂತಿನ ಅಗಲದಷ್ಟಾದರೂ ದೂರ ಬಿಡಿ.

ಟೆಂಪರ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು, ಮಾತ್ರ ಮುಟ್ಟಲೇಬೇಡಿ. ಕೊರೆಯಲು ಶುರು ಮಾಡಿದರೆ ಇಡೀ ಹಾಳೆ ಪುಡಿಪುಡಿಯಾಗುತ್ತದೆ. ತಯಾರಾಗಿ ಬರುವ ಎಷ್ಟೋ ಟ್ಯಾಂಕುಗಳಲ್ಲಿ ತಳದ ಗಾಜು ಟೆಂಪರ್ಡ್ ಆಗಿರುತ್ತದೆ. ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಗಾಜಿನ ಒಂದು ಬದಿಗೆ ಎಲ್‌ಸಿಡಿ ಪರದೆ ಹಿಡಿದು ಬಿಳಿ ಬಣ್ಣ ತೋರಿಸಿ. ಇನ್ನೊಂದು ಬದಿಯಿಂದ ಪೋಲರೈಸ್ಡ್ ತಂಪು ಕನ್ನಡಕ ಹಾಕಿ, ತಲೆ ಅತ್ತಿತ್ತ ವಾಲಿಸುತ್ತಾ ನೋಡಿ. ಟೆಂಪರ್ಡ್ ಆಗಿದ್ದರೆ ಗಾಜಿನಲ್ಲಿ ಕಪ್ಪು ಮೋಡದಂಥ ಪಟ್ಟೆಗಳು, ಮಚ್ಚೆಗಳು ಕಾಣುತ್ತವೆ. ಸಾಮಾನ್ಯ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಆಮೇಲೂ ಅನುಮಾನ ಇದ್ದರೆ ಕೊರೆಯಬೇಡಿ.

ತೂತು ಕೊರೆಯದೆ ಅಂಚಿಗೆ ತೂಗುಹಾಕುವ ಓವರ್‌ಫ್ಲೋ ಬಾಕ್ಸ್‌ಗಳೂ ಸಿಗುತ್ತವೆ. ಅವು ಸೈಫನ್ ಮೇಲೆ ನಡೆಯುತ್ತವೆ. ಕೊಳವೆಯ ನೆತ್ತಿಯಲ್ಲಿ ದಿನಾ ಒಂದೊಂದೇ ಗುಳ್ಳೆ ಸೇರುತ್ತಾ ಹೋಗಿ, ಒಂದು ದಿನ ಸೈಫನ್ ತುಂಡಾಗುತ್ತದೆ. ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ಚೆನ್ನಾಗಿ ನೋಡಿಕೊಂಡು ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಕೊರೆಯಲು ಆಗದಿದ್ದರೆ ಒಳ್ಳೆಯ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಮುಚ್ಚಿದ ಡಬ್ಬಿಯ ಫಿಲ್ಟರ್, ಹಾಕಿಕೊಳ್ಳಿ ಅನ್ನುತ್ತೇನೆ.

ಇನ್ನು ಸದ್ದಿನ ವಿಷಯ. ಸಂಪ್ ಹಾಕಿದವರು ಮೊದಲ ರಾತ್ರಿಯೇ ಹೇಳುವ ದೂರು ಇದು. ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿದರೆ ಗುಳುಗುಳು ಅನ್ನುತ್ತದಲ್ಲ, ಪೈಪಿನಲ್ಲೂ ಅದೇ ನಡೆಯುತ್ತದೆ. ನೀರು ಇಳಿಯುವಾಗ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಆ ಗಾಳಿ ಹೊರಬರಲು ಒದ್ದಾಡುತ್ತದೆ. ಡರ್ಸೊ ಅನ್ನುವ ಹಳೆಯ ವಿಧಾನದಲ್ಲಿ ಪೈಪಿನ ತಲೆ ಬಾಗಿರುತ್ತದೆ, ನೆತ್ತಿಯಲ್ಲಿ ಗಾಳಿ ಆಡಲು ಚಿಕ್ಕ ತೂತಿರುತ್ತದೆ. ಗುಳುಗುಳು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸದ್ದೇ ಬೇಡ ಅನ್ನುವವರು ಎರಡು ತೂತು ಕೊರೆಯಬೇಕು. ಹರ್ಬಿ ಅಂತ ಕರೆಯುವ ವಿಧಾನ ಇದು. ಮೊದಲ ಪೈಪ್ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ, ಕೆಳಗೆ ಅದಕ್ಕೊಂದು ಗೇಟ್ ವಾಲ್ವ್ ಇರುತ್ತದೆ. ಎರಡನೆಯ ಪೈಪ್ ಅದಕ್ಕಿಂತ ಎತ್ತರ, ಖಾಲಿ, ಆಪತ್ತಿಗೆ ಅಂತಲೇ ಇಟ್ಟದ್ದು. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಓವರ್‌ಫ್ಲೋ ಬಾಕ್ಸಿನಲ್ಲಿ ನೀರು ಮೆಲ್ಲಗೆ ಏರುತ್ತದೆ. ಒಂದು ಹಂತದಲ್ಲಿ ಪೈಪಿನೊಳಗೆ ಗಾಳಿ ಪೂರ್ತಿ ಹೋಗಿ ಬರೀ ನೀರು ತುಂಬಿಕೊಳ್ಳುತ್ತದೆ. ಆ ಕ್ಷಣ ಗುಳುಗುಳು ಥಟ್ಟನೆ ನಿಲ್ಲುತ್ತದೆ. ಟ್ಯಾಂಕ್ ಓಡುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು, ಅಷ್ಟು ನಿಶ್ಶಬ್ದ. ಬಾಲ್ ವಾಲ್ವ್‌ನಲ್ಲಿ ಇಷ್ಟು ನಯವಾಗಿ ತಿರುಗಿಸಲು ಆಗುವುದಿಲ್ಲ, ಗೇಟ್ ವಾಲ್ವೇ ಬೇಕು. ಆಪತ್ತಿನ ಪೈಪಿಗೆ ಮಾತ್ರ ಯಾವ ವಾಲ್ವೂ ಹಾಕಬಾರದು. ಮೊದಲ ಪೈಪ್ ಕಟ್ಟಿಕೊಂಡ ದಿನ ಇಡೀ ಹರಿವನ್ನು ಅದೊಂದೇ ಹೊರಬೇಕು.

ಕಟ್ಟಿಕೊಳ್ಳುವುದು ಸುಮ್ನೆ ಹೇಳುವ ಮಾತಲ್ಲ. ನನ್ನ ಪೈಪಿನ ಬಾಯಲ್ಲಿ ಒಂದು ಸಲ ಅಡಿಕೆ ಗಾತ್ರದ ಬಸವನಹುಳು ಸಿಕ್ಕಿಕೊಂಡಿತ್ತು. ಬಾಕ್ಸಿನಲ್ಲಿ ನೀರು ಏರಿ ಎರಡನೆಯ ಪೈಪಿಗೆ ಬಿದ್ದಾಗ ಹರಿವಿನ ಸದ್ದು ಕೇಳಿತು. ಆ ಸದ್ದಿನಿಂದಲೇ ನನಗೆ ಗೊತ್ತಾದದ್ದು. ಓವರ್‌ಫ್ಲೋ ಬಾಕ್ಸಿನ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳಿದ್ದರೆ ಮೀನು, ಎಲೆ ಒಳಗೆ ಬರುವುದಿಲ್ಲ. ಪೈಪಿನ ಬಾಯಿಗೂ ಒಂದು ಜರಡಿ ಇರಲಿ.

ಪೈಪ್ ಜೋಡಿಸುವಾಗ ನೆನಪಿಡಬೇಕಾದ ಇನ್ನೂ ಒಂದೆರಡು ಮಾತು. ಇಳಿಯುವ ಪೈಪ್ ಏರುವ ಪೈಪಿಗಿಂತ ಒಂದು ಅಳತೆಯಾದರೂ ದಪ್ಪ ಇರಬೇಕು. ಮಟ್ಟಸವಾಗಿ ಮಲಗಿಸಬೇಡಿ, ಇಳಿಜಾರು ಇರಲಿ. ಮೊದಲ ಪೈಪಿನ ತುದಿ ಸಂಪ್ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಲಿ. ಜಾಸ್ತಿ ಮುಳುಗಿಸಿದರೆ ಕರೆಂಟ್ ವಾಪಸ್ ಬಂದಾಗ ಒಳಗಿನ ಗಾಳಿ ಹೊರಹೋಗದೆ ಸೈಫನ್ ಶುರುವಾಗಲು ತಿಣುಕುತ್ತದೆ. ಪೈಪನ್ನು ಗಾಜಿನ ತೂತಿಗೆ ಬಿಗಿಯುವ ಬಲ್ಕ್‌ಹೆಡ್ ಅನ್ನುವ ಜೋಡಣೆಯ ರಬ್ಬರ್ ವಾಷರ್ ಅಗಲ ತಲೆಯ ಕಡೆ, ಅಂದರೆ ನೀರಿನ ಕಡೆ ಕೂರಬೇಕು. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಸಾಕು. ಸ್ಪ್ಯಾನರ್ ಹಾಕಿ ಬಲ ತೋರಿಸಿದರೆ ಗಾಜು ಸೀಳುತ್ತದೆ.

ಕೆಳಗಿನ ಕೋಣೆಗಳು

ಸಂಪ್ ಎಷ್ಟು ದೊಡ್ಡದಿರಬೇಕು? ಮೇಲಿನ ಟ್ಯಾಂಕಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಅನ್ನುವುದು ರೂಢಿ. ಜಾಗ ಇದ್ದಷ್ಟೂ ದೊಡ್ಡದು ಹಾಕಿ. ಆದರೆ ಗಾಜು ಕತ್ತರಿಸುವ ಮುಂಚೆ ಸ್ಟ್ಯಾಂಡಿನ ಬಾಗಿಲು ಅಳೆಯಿರಿ. ಬಾಗಿಲಲ್ಲಿ ಹೋಗದಿದ್ದರೆ ಟ್ಯಾಂಕ್ ಕೂರಿಸುವ ಮೊದಲೇ ಮೇಲಿನಿಂದ ಸಂಪ್ ಇಳಿಸಬೇಕಾಗುತ್ತದೆ, ಆಮೇಲೆ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಸಂಪ್‌ನ ಮೇಲೆ ಕೈ ಆಡುವಷ್ಟು, ಫಿಲ್ಟರ್ ಚೀಲ ಎತ್ತುವಷ್ಟು ಜಾಗವೂ ಬೇಕು. ಮೇಲಿನ ಟ್ಯಾಂಕನ್ನು ರಸಮಟ್ಟ ಇಟ್ಟು ಸಮ ಮಾಡಿ. ವಾಲಿದ್ದರೆ ತುಳುಕುವ ಅಂಚಿನ ಒಂದು ತುದಿಯಲ್ಲಷ್ಟೇ ನೀರು ಹೋಗುತ್ತದೆ.

ಅಡ್ಡಗೋಡೆಗಳಿಗೆ ಗಾಜನ್ನೇ ಬಳಸಿ. ಸಿಲಿಕೋನ್ ಅಕ್ರಿಲಿಕ್‌ಗೆ ಸರಿಯಾಗಿ ಹಿಡಿಯುವುದಿಲ್ಲ. ಸಿಲಿಕೋನ್ ಕೊಳ್ಳುವಾಗ ಬೂಸ್ಟು ತಡೆಯುವ ಔಷಧಿ ಸೇರಿಸಿದ್ದನ್ನು ತರಬೇಡಿ, ಅದು ಮೀನಿಗೆ ವಿಷ. ಹಚ್ಚಿದ ಮೇಲೆ ವಿನಿಗರ್‌ನಂಥ ಹುಳಿ ವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೂ ನೀರು ತುಂಬಬೇಡಿ. ನಾನು ಒಂದು ವಾರ ಬಿಡುತ್ತೇನೆ.

ಮೊದಲ ಕೋಣೆ ಕಸ ಹಿಡಿಯುವುದಕ್ಕೆ. ಫಿಲ್ಟರ್ ಸಾಕ್ ಅನ್ನುವ ಬಟ್ಟೆಯ ಚೀಲ, ಇಲ್ಲವೇ ಒರಟು ಸ್ಪಾಂಜು, ಅದರ ಹಿಂದೆ ನಯವಾದ ಸ್ಪಾಂಜು, ಕೊನೆಗೆ ಫಿಲ್ಟರ್ ಹತ್ತಿ. ಒರಟಿನಿಂದ ನಯದ ಕಡೆಗೆ, ಈ ಕ್ರಮ ತಪ್ಪಬಾರದು. ಇಲ್ಲಿ ಜನ ಮರೆಯುವ ಒಂದು ಮಾತಿದೆ. ಹತ್ತಿಯಲ್ಲಿ ಸಿಕ್ಕಿಕೊಂಡ ಕಸ ಟ್ಯಾಂಕಿನಿಂದ ಹೊರಗೆ ಹೋಗಿಲ್ಲ. ಅದರ ಮೇಲೆ ನೀರು ಹರಿಯುತ್ತಲೇ ಇರುತ್ತದೆ, ಅದು ಅಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ನೀವು ಕೈಹಾಕಿ ತೆಗೆದಾಗ ಮಾತ್ರ ಅದು ನಿಜವಾಗಿ ಹೋದಂತೆ. ಹತ್ತಿಯನ್ನು ವಾರಕ್ಕೆ ಒಮ್ಮೆಯಾದರೂ ಬದಲಿಸಿ.

ಎರಡನೆಯ ಕೋಣೆ ಸಂಪ್‌ನ ಜೀವ. ಮೀನಿನ ಉಸಿರಿನಿಂದ, ಹೊಲಸಿನಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಅಷ್ಟು ಅಪಾಯಕಾರಿ ಅಲ್ಲ. ಹೀಗೆ ಎರಡು ಹೆಜ್ಜೆಯಲ್ಲಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದ ಇದು ನಡೆಯುತ್ತದೆ ಅಂತ 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ ತೋರಿಸಿಕೊಟ್ಟರು. ನೂರು ವರ್ಷಕ್ಕೂ ಜಾಸ್ತಿ ಕಾಲ ಎಲ್ಲರೂ ಅದನ್ನೇ ಓದಿದರು. 2015ರಲ್ಲಿ ಎರಡು ತಂಡಗಳು ನೈಟ್ರೋಸ್ಪೈರ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಹೆಜ್ಜೆಯನ್ನು ಒಂದೇ ಜೀವಕೋಶದಲ್ಲಿ ಮುಗಿಸುತ್ತವೆ ಅಂತ ಕಂಡುಕೊಂಡವು. ಅದರಲ್ಲೊಂದು ತಂಡಕ್ಕೆ ಅವು ಸಿಕ್ಕಿದ್ದು ಮೀನು ಸಾಕಣೆ ಕೇಂದ್ರದ ಫಿಲ್ಟರಿನಲ್ಲಿ. ನಮ್ಮ ಸಂಪ್‌ನ ಅಣ್ಣನಂಥ ಫಿಲ್ಟರದು. ಈ ಸಂಗತಿ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಎರಡೇ: ಅಂಟಿಕೊಳ್ಳಲು ಜಾಗ, ಉಸಿರಾಡಲು ಆಮ್ಲಜನಕ. ಅಮೋನಿಯಾದಲ್ಲಿರುವ 1 ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಮುಚ್ಚಿದ ಡಬ್ಬಿಯ ಫಿಲ್ಟರಿಗಿಂತ ತೆರೆದ ಸಂಪ್ ಮೇಲು ಅನ್ನುವುದಕ್ಕೆ ಇದೇ ಕಾರಣ. ನೀರು ತುಳುಕುವಾಗ, ಬೀಳುವಾಗ, ಗೋಡೆ ಹತ್ತಿ ಇಳಿಯುವಾಗ ಗಾಳಿ ಬೆರೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಕೋಣೆಗೆ ತುಂಬುವ ವಸ್ತು, ಅಂದರೆ ಮೀಡಿಯಾ, ಯಾವುದು ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ. ಸೆರಾಮಿಕ್ ರಿಂಗ್, ಲಾವಾ ಕಲ್ಲು, ಒರಟು ಸ್ಪಾಂಜು, ಗಾಳಿ ಬಿಟ್ಟು ಕುಣಿಸುವ ಪ್ಲಾಸ್ಟಿಕ್ ಚಕ್ರಗಳು, ಎಲ್ಲವೂ ನಡೆಯುತ್ತವೆ. ನೀರು ಅವುಗಳ ನಡುವೆ ಹಾದು ಹೋಗಬೇಕು, ಪಕ್ಕದಿಂದ ನುಸುಳಿ ಹೋಗಬಾರದು. ಇದನ್ನು ಮಾತ್ರ ನೋಡಿಕೊಳ್ಳಿ. ತೊಳೆಯುವಾಗ ಟ್ಯಾಂಕಿನಿಂದ ತೆಗೆದ ನೀರಲ್ಲೇ ಮೆಲ್ಲಗೆ ಅದ್ದಿ ತೆಗೆಯಿರಿ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಕೊನೆಗೆ ಉಳಿಯುವ ನೈಟ್ರೇಟ್‌ಗೆ ಸಂಪ್ ಒಂದೇ ಪರಿಹಾರ ಅಲ್ಲ. ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ. ಸಂಪ್‌ನ ಮೇಲೆ ಮನಿ ಪ್ಲಾಂಟ್ ಇಟ್ಟು ಬೇರು ಮಾತ್ರ ನೀರಿಗೆ ಬಿಟ್ಟರೆ ಅದು ಸ್ವಲ್ಪ ನೈಟ್ರೇಟ್ ಹೀರುತ್ತದೆ, ಬೆಳಕು ಬೇಕು ಅಷ್ಟೇ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವ ಟ್ಯಾಂಕ್ ನಿಮ್ಮದಾದರೆ, ನೀರು ಎತ್ತರದಿಂದ ಬೀಳದಂತೆ ನೋಡಿಕೊಳ್ಳಿ, ಸಂಪ್‌ಗೆ ಮುಚ್ಚಳ ಹಾಕಿ. ಇಲ್ಲದಿದ್ದರೆ ಬಿಟ್ಟ ಅನಿಲವೆಲ್ಲ ಗಾಳಿಗೆ ಹೋಗುತ್ತದೆ.

ಪಂಪ್ ಕೋಣೆಗೆ ಮುಂಚೆ ಮೂರು ಗಾಜಿನ ಪಟ್ಟಿ ಹಾಕಿ ಗುಳ್ಳೆ ತಡೆಯುವ ರೂಢಿ ಇದೆ. ಒಂದರ ಮೇಲೆ, ಇನ್ನೊಂದರ ಕೆಳಗೆ, ಮತ್ತೊಂದರ ಮೇಲೆ ಹೀಗೆ ನೀರು ಹಾಯುತ್ತದೆ. ಸಿಹಿನೀರಿಗೆ ಅಷ್ಟೆಲ್ಲ ಬೇಕಿಲ್ಲ. ಒಂದು ದಪ್ಪ ಒರಟು ಸ್ಪಾಂಜನ್ನು ಗೋಡೆಯಿಂದ ಗೋಡೆಗೆ ಬಿಗಿಯಾಗಿ ತುರುಕಿದರೆ ಅದೇ ಕೆಲಸ ಆಗುತ್ತದೆ.

ಪಂಪ್

ಗಂಟೆಗೆ ಟ್ಯಾಂಕಿನ ನೀರಿನ ನಾಲ್ಕೈದು ಪಟ್ಟು ತಿರುಗಿದರೆ ಸಾಮಾನ್ಯ ಟ್ಯಾಂಕಿಗೆ ಸಾಕು. 270 ಲೀಟರಿಗೆ ಸುಮಾರು 1,350 ಲೀಟರ್. ಆದರೆ ಪಂಪಿನ ಡಬ್ಬಿಯ ಮೇಲೆ ಬರೆದ ದೊಡ್ಡ ಅಂಕಿ ಎತ್ತರವೇ ಇಲ್ಲದಾಗಿನದು. ನೀರನ್ನು ಒಂದು ಮೀಟರ್ ಮೇಲೆತ್ತುವಾಗ, ಎಲ್ಬೋಗಳಲ್ಲಿ ತಿರುಗಿಸುವಾಗ ಹರಿವು ಬಹಳ ಕಡಿಮೆಯಾಗುತ್ತದೆ. ಡಬ್ಬಿಯೊಳಗಿನ ಗ್ರಾಫ್‌ನಲ್ಲಿ ನಿಮ್ಮ ಎತ್ತರಕ್ಕೆ ಎಷ್ಟು ಅಂತ ನೋಡಿ ತೆಗೆದುಕೊಳ್ಳಿ. ಜೋಡಿಸಿದ ಮೇಲೆ ಏರುವ ಪೈಪನ್ನು ಅದೇ ಎತ್ತರದಲ್ಲಿ 10 ಲೀಟರ್ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. 25 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1,440 ಲೀಟರ್. ಅದೇ ನಿಜವಾದ ಲೆಕ್ಕ.

ವಿದ್ಯುತ್ ವಿಷಯದಲ್ಲಿ ಒಂದಿಷ್ಟೂ ರಾಜಿ ಬೇಡ. ಸ್ವಿಚ್ ಬೋರ್ಡ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಂದು ಜೋಲಿಯಂತೆ ಇಳಿದು ಮತ್ತೆ ಏರಲಿ, ಹನಿ ಇಳಿದು ಬಂದರೂ ಜೋಲಿಯ ತುದಿಯಿಂದ ನೆಲಕ್ಕೆ ಬೀಳುತ್ತದೆ. ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ ಆರ್‌ಸಿಸಿಬಿ ಇಲ್ಲದ ಸಾಲಿಗೆ ಅಕ್ವೇರಿಯಂ ಜೋಡಿಸಬೇಡಿ. ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಪ್ಲಗ್ ತೆಗೆಯಿರಿ.

ಮೀನು ಬಿಡುವ ಮುಂಚೆ

ಈಗ ಮೊದಲಿನ ಎರಡು ಪ್ರಶ್ನೆಗೆ ವಾಪಸ್ ಬರೋಣ. ಲೆಕ್ಕ ಬರದಿದ್ದರೂ ಪರವಾಗಿಲ್ಲ, ನೀರೇ ಉತ್ತರ ಹೇಳುತ್ತದೆ. ಮೀನಿಲ್ಲದೆ, ಬರೀ ನೀರು ತುಂಬಿ, ಮೇಲಿನಿಂದ ಕೆಳಕ್ಕೆ ತುಳುಕುವವರೆಗೂ ಓಡಿಸಿ. ಆಮೇಲೆ ಪಂಪ್ ನಿಲ್ಲಿಸಿ. ಮೇಲಿನ ನೀರೆಲ್ಲ ಇಳಿದು ನಿಂತ ಮೇಲೆ ಸಂಪ್‌ಗೆ ನೀರು ಹಾಕುತ್ತಾ, ಅಂಚಿಗೆ 4 ಸೆಂ.ಮೀ. ಇರುವಾಗ ನಿಲ್ಲಿಸಿ. ಅಲ್ಲಿ ಗಾಜಿಗೆ ಒಂದು ಟೇಪ್ ಅಂಟಿಸಿ. ಇದು ನೀರು ಏರಬಹುದಾದ ಕೊನೆಯ ಮಟ್ಟ. ಈಗ ಪಂಪ್ ಆನ್ ಮಾಡಿ. ಪಂಪ್ ಕೋಣೆಯ ನೀರು ಇಳಿದು ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಎರಡನೆಯ ಟೇಪ್. ಓಡುತ್ತಿರುವಾಗ ಇದಕ್ಕಿಂತ ಮೇಲೆ ಯಾವತ್ತೂ ನೀರು ತುಂಬಬಾರದು. ಎರಡನೆಯ ಟೇಪ್ ತೀರಾ ತಳಕ್ಕೆ ಬಂದು ಪಂಪ್ ಗಾಳಿ ಎಳೆಯುವಂತಿದ್ದರೆ ಏರುವ ಪೈಪಿನ ಬಾಯಿ ಇನ್ನೂ ಮೇಲೆ ಬರಬೇಕು, ಇಲ್ಲವೇ ಸಂಪ್ ಸಾಲದು ಅಂತ ಅರ್ಥ.

ಪಂಪನ್ನು ಮೂರು ನಾಲ್ಕು ಸಲ ನಿಲ್ಲಿಸಿ, ಶುರು ಮಾಡಿ ನೋಡಿ. ಪ್ರತಿ ಸಲವೂ ನೀರು ಅದೇ ಗೆರೆಗೆ ಬರಬೇಕು, ಸೈಫನ್ ತಾನಾಗಿ ಮತ್ತೆ ಹಿಡಿಯಬೇಕು. ಆಮೇಲೆ ಮೊದಲ ಪೈಪಿನ ಬಾಯಿಯನ್ನು ಬೇಕಂತಲೇ ಮುಚ್ಚಿ ಹಿಡಿಯಿರಿ, ಎರಡನೆಯದು ಪೂರ್ತಿ ಹರಿವು ಹೊರುತ್ತದೆಯೇ ನೋಡಿ. ಒಂದು ದಿನ ಪೂರ್ತಿ ಓಡಲಿ. ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟರೆ ಕಣ್ಣಿಗೆ ಕಾಣದ ಸೋರಿಕೆಯೂ ಗೊತ್ತಾಗುತ್ತದೆ.

ಹೊಸ ಸಂಪ್‌ನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಳೆಯ ಫಿಲ್ಟರ್ ಇದ್ದರೆ ಅಷ್ಟೂ ದಿನ ಎರಡನ್ನೂ ಓಡಿಸಿ, ಆಮೇಲೆ ಹಳೆಯದರ ಸ್ಪಾಂಜನ್ನು ಸಂಪ್‌ಗೆ ಹಾಕಿ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಹಳೆಯದನ್ನು ತೆಗೆಯಬೇಡಿ.

ಆ ಟೇಪುಗಳನ್ನು ಮಾತ್ರ ಕೀಳಬೇಡಿ. ನಾನು ತಿಂಗಳಿಗೊಮ್ಮೆ, ಎಚ್ಚರವಿರುವ ಹೊತ್ತಿನಲ್ಲಿ, ಪಂಪ್ ನಿಲ್ಲಿಸಿ ಸಂಪ್ ಮುಂದೆ ಕೂರುತ್ತೇನೆ. ನೀರು ಮೆಲ್ಲಗೆ ಏರುತ್ತದೆ, ಮೇಲಿನ ಟೇಪಿನ ಹತ್ತಿರ ಬರುತ್ತದೆ, ನಿಲ್ಲುತ್ತದೆ. ಗೆರೆ ದಾಟಿ ಇನ್ನೂ ಏರುತ್ತಿದ್ದರೆ ಪೈಪಿನ ಚಿಕ್ಕ ತೂತು ಪಾಚಿಯಿಂದ ಮುಚ್ಚಿದೆ, ಇಲ್ಲವೇ ಪೈಪಿನ ಬಾಯಿ ಜಾರಿ ಕೆಳಗಿಳಿದಿದೆ. ಹಳೆಯ ಟೂತ್‌ಬ್ರಷ್ ತೆಗೆದುಕೊಂಡು ಐದು ನಿಮಿಷದ ಕೆಲಸ.